ಸ್ಕ್ರೂ ತಿರುಗಿಸೋದು ಕೊನೆಗೆ: ಹಳೇ ಬುಲೆಟ್ಟಿನ ಐಡಲ್ ಕೂರಿಸುವ ಬಗೆ

ನಾನು ಲೈನ್‌ಮ್ಯಾನ್. ತೀರ್ಥಹಳ್ಳಿ ಕಡೆ ಕಂಬ ಹತ್ತಿ ಇಳಿಯುವುದೇ ಕೆಲಸ. "ಮನೇಲಿ ಬಲ್ಬು ಮಿಣಿಮಿಣಿ ಅಂತಿದೆ ಮಾರಾಯ್ರೆ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಸೀದಾ ಟ್ರಾನ್ಸ್‌ಫಾರ್ಮರ್ ಕಡೆ ಓಡುವುದಿಲ್ಲ. ಪಕ್ಕದ ಮನೆಯಲ್ಲೂ ಹಾಗೇನಾ ಅಂತ ಕೇಳುತ್ತೇನೆ. ಆಮೇಲೆ ಹೋಲ್ಡರ್, ಫ್ಯೂಸು, ಮೀಟರ್ ಹತ್ತಿರದ ಜಾಯಿಂಟು. ಸಾಮಾನ್ಯವಾಗಿ ಅಲ್ಲೇ ಎಲ್ಲೋ ಒಂದು ಸಡಿಲ ಜಾಯಿಂಟು ಸಿಕ್ಕಿಬಿಡುತ್ತದೆ.

ಇಷ್ಟು ಗೊತ್ತಿದ್ದೂ ನನ್ನದೇ ಬುಲೆಟ್ಟಿಗೆ ಐಡಲ್ ರೋಗ (ಐಡಲ್ ಅಂದರೆ ಆಕ್ಸಿಲೇಟರ್ ಬಿಟ್ಟು ನಿಂತಾಗಲೂ ಇಂಜಿನ್ ತಾನಾಗಿ ನಿಧಾನಕ್ಕೆ ಓಡುತ್ತಿರುವುದು) ಬಂದಾಗ ನಾನು ಮಾಡಿದ್ದೇನು? ಸ್ಕ್ರೂಡ್ರೈವರ್ ಹಿಡಿದು ಕೂತೆ. ಎರಡು ತಿಂಗಳು. ಚಹಾ ಕುಡಿಯಲು ನಿಲ್ಲಿಸಿದಲ್ಲೆಲ್ಲ ಒಂದು ತಿರುವು ಒಳಗೆ, ಅರ್ಧ ತಿರುವು ಹೊರಗೆ. ಕೊನೆಗೆ ಎಲ್ಲಿಂದ ಶುರು ಮಾಡಿದ್ದೆ ಅನ್ನುವುದೇ ಮರೆತುಹೋಯಿತು.

ಗಾಡಿ ನನ್ನ ಸೋದರಮಾವನದು. 1994ರ ಸ್ಟ್ಯಾಂಡರ್ಡ್ 350, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಮಿಕ್‌ಕಾರ್ಬ್ ವಿಎಂ 24. ಜಪಾನಿನ ಮಿಕುನಿ ಮಾದರಿಯದು, ನಮ್ಮ ದೇಶದಲ್ಲೇ ತಯಾರಾದದ್ದು. ಬಹಳ ಸರಳ ಸಾಮಾನು. ಇದೇ ಜಾತಿಯ ಕಾರ್ಬೊರೇಟರ್ ಆ ಕಾಲದ ಎಷ್ಟೋ ಬೈಕುಗಳಲ್ಲಿ ಇತ್ತು. ಹಾಗಾಗಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅವಕ್ಕೂ ಹೊಂದುತ್ತದೆ.

ರೋಗ ಹೀಗಿತ್ತು. ಬೆಳಿಗ್ಗೆ ಎರಡು ಕಿಕ್‌ಗೆ ಸ್ಟಾರ್ಟ್. ಐಡಲ್ ಚೆನ್ನಾಗೇ. ಬಿಸಿಯಾದ ಮೇಲೆ ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ಕೆಳಗಿಳಿಯುವುದಿಲ್ಲ. ಮೇಲೇ ನಿಂತು ಹೂಂಕರಿಸುತ್ತದೆ. ಆಮೇಲೆ ನಿಧಾನಕ್ಕೆ ಇಳಿದು, ಇಳಿದು, ಪುಸಕ್ಕನೆ ಆಫ್. ಆಫ್ ಆಗುತ್ತದಲ್ಲ ಅಂತ ಐಡಲ್ ಏರಿಸಿದರೆ ಹೂಂಕಾರ ಇನ್ನೂ ಜಾಸ್ತಿ.

ಮೊದಲು ಕಾರ್ಬೊರೇಟರಿನಲ್ಲಿರುವ ಎರಡು ಸ್ಕ್ರೂ ಏನು ಮಾಡುತ್ತವೆ ನೋಡೋಣ. ದೊಡ್ಡದು ಐಡಲ್ ಸ್ಕ್ರೂ. ಅದರ ತುದಿ ಕಾರ್ಬೊರೇಟರಿನ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡನ್ನು ಕೆಳಗಿನಿಂದ ಕೊಂಚ ಎತ್ತಿ ಹಿಡಿಯುತ್ತದೆ, ಅಷ್ಟೇ. ಬಾಗಿಲು ಪೂರ್ತಿ ಮುಚ್ಚದ ಹಾಗೆ ಅಡಿಗೆ ಒಂದು ಚಕ್ಕೆ ಇಟ್ಟಂತೆ. ಸಣ್ಣದು ಏರ್ ಸ್ಕ್ರೂ. ಸ್ಲೋ ಜೆಟ್, ಅಂದರೆ ಐಡಲ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು, ಅದರಿಂದ ಬರುವ ಪೆಟ್ರೋಲಿಗೆ ಎಷ್ಟು ಗಾಳಿ ಸೇರಬೇಕು ಅನ್ನುವುದು ಅದರ ಕೈಯಲ್ಲಿ. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ, ಅಂದರೆ ರಿಚ್. ಹೊರಗೆ ತಿರುಗಿಸಿದರೆ ಲೀನ್.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಬೈಕಿನಲ್ಲೂ ಹೀಗಿಲ್ಲ. ಸಣ್ಣ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿ ಅಳೆಯುವ ಸ್ಕ್ರೂ. ಇಂಜಿನ್ ಕಡೆಗೆ, ಅಂದರೆ ಸ್ಲೈಡ್ ದಾಟಿದ ಮೇಲೆ ಇದ್ದರೆ ಅದು ಪೆಟ್ರೋಲ್ ಬೆರೆತ ಮಿಶ್ರಣ ಅಳೆಯುವ ಸ್ಕ್ರೂ. ಅದು ಪೂರಾ ಉಲ್ಟಾ: ಹೊರಗೆ ಬಂದರೆ ರಿಚ್, ಒಳಗೆ ಹೋದರೆ ಲೀನ್. ಪಕ್ಕದ ಮನೆ ಹುಡುಗ ಮೊಬೈಲಿನಲ್ಲಿ ಬುಲೆಟ್ಟಿನ ವಿಡಿಯೋ ನೋಡಿ ತನ್ನ ಇನ್ನೊಂದು ಬೈಕಿಗೆ ಅದೇ ಲೆಕ್ಕ ಹಾಕಿ ಒಂದು ವಾರ ಒದ್ದಾಡಿದ. ಮೊದಲು ಸ್ಕ್ರೂ ಯಾವ ಕಡೆ ಇದೆ ನೋಡಿ.

ಇನ್ನೊಂದು ವಿಷಯ. ಐಡಲ್‌ನಲ್ಲಿ ಸ್ಲೈಡ್ ಹೆಚ್ಚೂಕಮ್ಮಿ ಮುಚ್ಚಿರುತ್ತದೆ. ಆಗ ಇಂಜಿನ್ನಿಗೆ ಊಟ ಹಾಕುವುದು ಸ್ಲೋ ಜೆಟ್ ಒಂದೇ. ವೇಗದಲ್ಲಿ ಪೆಟ್ರೋಲ್ ಕೊಡುವ ಮೇನ್ ಜೆಟ್, ನೀಡಲ್ ಎರಡೂ ರಜೆಯ ಮೇಲೆ. ಗಾಡಿ ಐವತ್ತು ಅರವತ್ತರಲ್ಲಿ ಜುಮ್ ಅಂತ ಹೋಗುತ್ತಿದ್ದು, ನಿಂತಾಗ ಮಾತ್ರ ತೊಂದರೆ ಕೊಟ್ಟರೆ ಮೇನ್ ಜೆಟ್ ಬದಲಿಸಲು ಹೋಗಬೇಡಿ. ದುಡ್ಡು ದಂಡ.

ಈಗ ಸಡಿಲ ಜಾಯಿಂಟು ಹುಡುಕುವ ಕೆಲಸ. ಸುಲಭವಾದದ್ದು ಮೊದಲು.

ಇಂಜಿನ್ ಐಡಲ್‌ನಲ್ಲಿರುವಾಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಶಬ್ದ ಏರಿದರೆ ಆಕ್ಸಿಲೇಟರ್ ಕೇಬಲ್ ಬಿಗಿ ಇದೆ ಅಥವಾ ಎಲ್ಲೋ ಸಿಕ್ಕಿಕೊಂಡಿದೆ. ಹಿಡಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕು. ಏರ್ ಫಿಲ್ಟರ್ ಬಿಚ್ಚಿ ನೋಡಿ. ನನ್ನದರಲ್ಲಿ ಒಮ್ಮೆ ಇಲಿ ಅಡಿಕೆ ಸಿಪ್ಪೆ ತಂದು ತುಂಬಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಣ ಕಪ್ಪು ಮಸಿ ಇದ್ದರೆ ರಿಚ್ ಕಡೆಗಿದೆ, ಬಿಳಿಚಿಕೊಂಡಿದ್ದರೆ ಲೀನ್ ಕಡೆಗೆ. ಈಗಿನ ಪೆಟ್ರೋಲಿನಲ್ಲಿ ಬಣ್ಣ ಅಷ್ಟು ನಂಬುವ ಹಾಗಿಲ್ಲ, ಆದರೂ ಒಂದು ಸುಳಿವು. ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಿಸುವ ಪುಟ್ಟ ಸ್ವಿಚ್ಚು) ಇರುವ ಗಾಡಿಯಾದರೆ ಅದರ ಗ್ಯಾಪ್ 0.35ರಿಂದ 0.40 ಮಿ.ಮೀ. ಇದೆಯಾ ನೋಡಿ. ಪಾಯಿಂಟ್ ಪ್ಲೇಟಿನ ಹಿಂದೆ ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಮುಂದಕ್ಕೆ ತರುವ (ಟೈಮಿಂಗ್ ಅಡ್ವಾನ್ಸ್) ಪುಟ್ಟ ಸ್ಪ್ರಿಂಗುಗಳಿವೆ. ಅವು ಸೋತು ಹೋದರೂ ಇಂಜಿನ್ ಹೀಗೇ ಮೇಲೆ ನಿಂತು ಹೂಂಕರಿಸುತ್ತದೆ. ಕಾರ್ಬೊರೇಟರ್ ಮೇಲೆ ಸುಮ್ನೆ ಅಪವಾದ. ಟಪ್ಪೆಟ್, ಅಂದರೆ ವಾಲ್ವಿನ ಸಡಿಲ, ಇಂಜಿನ್ ತಣ್ಣಗಿದ್ದಾಗ ನೋಡಬೇಕು: ಪಿಸ್ಟನ್ ಕಂಪ್ರೆಶನ್‌ನಲ್ಲಿ ಮೇಲಿದ್ದಾಗ ಪುಶ್‌ರಾಡ್ ಬೆರಳಿನಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಚೋಕ್‌ದು ಒಂದು ಸುಲಭ ಪರೀಕ್ಷೆ. ಬಿಸಿ ಇಂಜಿನ್ ತಡವರಿಸುತ್ತಿರುವಾಗ ಚೋಕ್ ಸ್ವಲ್ಪ ಎಳೆಯಿರಿ. ಐಡಲ್ ಸುಧಾರಿಸಿತಾ? ಹಾಗಾದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲೋ ಗಾಳಿ ಜಾಸ್ತಿ ನುಗ್ಗುತ್ತಿದೆ. ಇನ್ನೂ ಕೆಟ್ಟು ಕಪ್ಪು ಹೊಗೆ ಬಂತಾ? ಮೊದಲೇ ರಿಚ್ ಇದೆ ಅಂತ ಅರ್ಥ. ಆಗ ಚೋಕಿನ ಪ್ಲಂಜರ್ ಪೂರ್ತಿ ಕೆಳಗೆ ಕೂರುತ್ತಿದೆಯಾ, ಕಾರ್ಬೊರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಸರಿ ಇದೆಯಾ ನೋಡಬೇಕು. ನನ್ನದು ಚೋಕ್ ಎಳೆದ ತಕ್ಷಣ ಸಾಧುವಾಗಿ ನಿಂತಿತು.

ಪೆಟ್ರೋಲ್ ಸಾಲದಿರಲು ಮೊದಲ ಸಂಶಯ ಸ್ಲೋ ಜೆಟ್ ಮೇಲೆ. ಇದಕ್ಕಾಗಿ ಅಂಗಳದಲ್ಲಿ, ಬಯಲಿನಲ್ಲಿ ಕೂತುಕೊಳ್ಳಿ. ಬಚ್ಚಲೊಲೆ ಹತ್ತಿರ ಬೇಡ, ಬೀಡಿ ಸಿಗರೇಟು ದೂರ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಪೈಪ್ ತೆಗೆದು, ಕಾರ್ಬೊರೇಟರ್ ಬಿಚ್ಚಿ. ಕೆಳಗಿನ ಬಟ್ಟಲಿನ ಸ್ಕ್ರೂಗಳ ತಲೆ ಬಹಳ ಮೆತ್ತಗೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಮೈಭಾರ ಹಾಕಿ ಒತ್ತಿ ತಿರುಗಿಸಿ.

ಬಟ್ಟಲಿನಲ್ಲಿದ್ದ ಪೆಟ್ರೋಲನ್ನು ಚೆಲ್ಲಬೇಡಿ. ಒಂದು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಬಿಡಿ. ನಾನು ಹಾಗೆ ಇಟ್ಟಾಗ ಬಾಟಲಿಯ ತಳದಲ್ಲಿ ಬೇರೆಯೇ ಒಂದು ಪದರ ಕಂಡಿತು. ನಡುವೆ ಗೆರೆ ಎಳೆದಂತೆ. ನಮ್ಮ ಕಡೆಯ ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ವಾಷರ್ ಹಳತಾದರೆ ನೀರು ಇಳಿಯುವುದು ಹೊಸ ವಿಷಯವಲ್ಲ. ಮೊದಲಾದರೆ ನೀರು ಬರೀ ನೀರಾಗಿ ತಳ ಸೇರುತ್ತಿತ್ತು. ಈಗ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಜಾಸ್ತಿಯಾದಾಗ ನೀರಿನ ಜೊತೆಗೇ ಕೆಳಗಿಳಿದು ಕೂರುತ್ತದೆ. ಸ್ಲೋ ಜೆಟ್ ಕುಡಿಯುವುದು ಆ ತಳದ್ದನ್ನೇ. ಹೀಗೆ ಕಂಡರೆ ಟ್ಯಾಂಕೂ ಖಾಲಿ ಮಾಡಿ, ವಾಷರ್ ಬದಲಿಸಿ.

ಸ್ಲೋ ಜೆಟ್ ಹಿತ್ತಾಳೆಯದು, ಮೇನ್ ಜೆಟ್ಟಿನ ಪಕ್ಕದ ಗುಳಿಯಲ್ಲಿ ಕೂತಿರುತ್ತದೆ. ತೆಳು ತುದಿಯ ಸ್ಕ್ರೂಡ್ರೈವರಿನಿಂದ ಬಿಚ್ಚಿ ಆಕಾಶಕ್ಕೆ ಹಿಡಿದು ನೋಡಿ. ನಡುವಿನ ತೂತು ದುಂಡಗೆ, ಚುಕ್ಕಿಯಂತೆ ಬೆಳಗಬೇಕು. ನನ್ನದರಲ್ಲಿ ಕಂಡದ್ದು ಅಮಾವಾಸ್ಯೆ ಹತ್ತಿರದ ಚಂದ್ರ. ಅರ್ಧಕ್ಕಿಂತ ಜಾಸ್ತಿ ಹಸಿರು ಕಿಲುಬು.

ಇದನ್ನು ಚುಚ್ಚಲು ಸೂಜಿ, ಪಿನ್ನು, ಕ್ಲಚ್ ಕೇಬಲಿನ ಎಳೆ ಯಾವುದೂ ಬೇಡ. ಉಕ್ಕು ಹಿತ್ತಾಳೆಯನ್ನು ಗೀರಿ ತೂತು ದೊಡ್ಡದು ಮಾಡುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಸರಿ ಹೋಗುವುದಿಲ್ಲ. ಬೇಕಾದ್ದು ತಾಮ್ರದ ಎಳೆ. ಈ ವಿಷಯದಲ್ಲಿ ಮಾತ್ರ ನಾನು ಬಲ್ಲವ! ಎಲೆಕ್ಟ್ರಿಕಲ್ ಅಂಗಡಿಯಲ್ಲಿ 14/36 ವೈರ್ ಒಂದು ಅಡಿ ಕೇಳಿ. ಹದಿನಾಲ್ಕು ಎಳೆ ಇರುತ್ತದೆ, ಒಂದೊಂದೂ ಸುಮಾರು 0.2 ಮಿ.ಮೀ. ದಪ್ಪ. ಒಂದೇ ಎಳೆ ತೆಗೆದು ಮೆಲ್ಲಗೆ ಆಡಿಸಿ. ಆಮೇಲೆ ಕಾರ್ಬೊರೇಟರ್ ಕ್ಲೀನರ್ ಹೊಡೆದು, ಜೆಟ್ ಕೂರುವ ಗುಳಿಗೂ ಏರ್ ಸ್ಕ್ರೂ ದಾರಿಗೂ ಸೈಕಲ್ ಪಂಪಿನಿಂದ ಗಾಳಿ ಊದಿ. ಕಣ್ಣಿಗೆ ಹಾರುತ್ತದೆ, ಮುಖ ದೂರ ಇಡಿ.

ಜೆಟ್ ಶುದ್ಧವಾಯಿತು. ವಾಪಸ್ ಜೋಡಿಸಿದೆ. ಐಡಲ್ ಸರಿಯಾಯಿತಾ? ಇಲ್ಲ. ಸ್ವಲ್ಪ ಸುಧಾರಿಸಿತು, ಹೂಂಕಾರ ಹಾಗೇ ಉಳಿಯಿತು.

ಸರಿ, ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಿವಿಗೊಟ್ಟು ಕೇಳಿ, "ಏರ್ ಹೊಡೀತಿದೆ, ಕಾರ್ಬೊರೇಟರೇ ಬದಲಿಸಿ" ಎಂದರು. ಮೊದಲರ್ಧ ಸರಿ ಇತ್ತು. ಎರಡನೆಯದಕ್ಕೆ ನನ್ನಲ್ಲಿ ದುಡ್ಡಿರಲಿಲ್ಲ. ಮನೆಗೆ ಬಂದು ಐದು ಎಂಎಲ್ ಸಿರಿಂಜಿಗೆ ಸೋಪಿನ ನೀರು ತುಂಬಿದೆ. ಕೆಲವರು ಇದಕ್ಕೆ ಪೆಟ್ರೋಲನ್ನೋ ಸ್ಪ್ರೇಯನ್ನೋ ಹೊಡೆಯುತ್ತಾರೆ. ಬಿಸಿ ಇಂಜಿನ್ ಮೇಲೆ ಅದನ್ನು ಹೊಡೆಯುವ ಧೈರ್ಯ ನನಗಿಲ್ಲ. ಸೋಪಿನ ನೀರು ಸಾಕು.

ಇಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಇಂಜಿನ್ನಿನ ಹೆಡ್ಡಿಗೆ ಕೂರುವ ಜಾಗದಲ್ಲಿ, ಕಪ್ಪು ದಪ್ಪ ಪ್ಯಾಕಿಂಗಿನ ಸುತ್ತ, ಹನಿ ಹನಿಯಾಗಿ ಬಿಟ್ಟೆ. ಎಡಗಡೆ ಏನೂ ಇಲ್ಲ. ಕೆಳಗೂ ಇಲ್ಲ. ಬಲಗಡೆ ಮೇಲ್ಭಾಗಕ್ಕೆ ಬಿಟ್ಟ ಕೂಡಲೇ ಹನಿ ಚುರ್ ಎಂದು ಒಳಗೆ ಮಾಯ. ಇಂಜಿನ್ ಒಮ್ಮೆ ಮುಗ್ಗರಿಸಿತು, ಮರುಕ್ಷಣ ತಾನಾಗಿಯೇ ಶಬ್ದ ಇಳಿಯಿತು. ನೀರು ಒಣಗಿದ ಮೇಲೆ ಮತ್ತೆ ಹೂಂಕಾರ. ನನಗೆ ನಗು ಬಂತು. ಅದು ನಾನೇ ಬಿಗಿದ ನಟ್ಟಿನ ಪಕ್ಕ.

ಈ ಕಾರ್ಬೊರೇಟರನ್ನು ಎರಡೇ ನಟ್ಟು ಹಿಡಿದಿರುತ್ತವೆ, ಒಂದೊಂದು ಕಿವಿಗೆ ಒಂದೊಂದು. ಬೇಸಿಗೆಯಲ್ಲಿ ಸರ್ವಿಸ್ ಮಾಡುವಾಗ ಅವನ್ನು ಕಂಬದ ಕ್ಲ್ಯಾಂಪ್ ಬಿಗಿದ ಹಾಗೆ ಬಿಗಿದಿದ್ದೆ. ಕಾರ್ಬೊರೇಟರಿನ ಮೈ ಮೆದು ಲೋಹದ್ದು. ಕಿವಿಗಳು ಮುಂದಕ್ಕೆ ಬಾಗಿ ಮುಖ ಬಿಲ್ಲಿನ ಹಾಗಾಗಿತ್ತು. ಬಿಚ್ಚಿ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ. ತಣ್ಣಗಿದ್ದಾಗ ಚೋಕ್ ಹಾಕಿ ಪೆಟ್ರೋಲ್ ಜಾಸ್ತಿ ಕೊಡುವುದರಿಂದ ಗೊತ್ತಾಗುತ್ತಿರಲಿಲ್ಲ. ಬಿಸಿಯಾಗಿ ಚೋಕ್ ತೆಗೆದ ಮೇಲೆ ಕಳ್ಳಗಾಳಿಯ ಆಟ ಶುರು.

ರಿಪೇರಿಗೆ ಆದ ಖರ್ಚು ಒಂದು ಎಮರಿ ಪೇಪರ್, ಗಾಳಿ ಸೋರದಂತೆ ಹಾಕುವ ಒಂದು ರಬ್ಬರ್ ಓ ರಿಂಗ್. ದಪ್ಪ ಗಾಜಿನ ಮೇಲೆ ಎಮರಿ ಹಾಸಿ, ಮುಖ ಕೆಳಗೆ ಮಾಡಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಮೊದಲು ಕಿವಿಗಳು ಮಾತ್ರ ಹೊಳೆದವು. ಆಮೇಲಾಮೇಲೆ ಹೊಳಪು ನಡುವಿಗೆ ಹಬ್ಬಿತು. ಇಡೀ ಮುಖ ಒಂದೇ ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ. ಲೋಹದ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆದು, ಹೊಸ ಓ ರಿಂಗ್ ಹಾಕಿ, ಎರಡು ನಟ್ಟನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಚಿಕ್ಕ ಸ್ಪ್ಯಾನರ್, ಎರಡೇ ಬೆರಳು.

ಸ್ಕ್ರೂ ತಿರುಗಿಸುವ ಅರ್ಹತೆ ನನಗೆ ಬಂದದ್ದು ಇಲ್ಲಿಗೆ.

ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ನಿಂತಲ್ಲೇ ರೇಸ್ ಮಾಡಿ ಬಿಸಿ ಮಾಡಬೇಡಿ, ಅದು ಸರಿಯಾದ ಬಿಸಿ ಅಲ್ಲ. ಚೋಕ್ ಪೂರ್ತಿ ಆಫ್. ಬಯಲಲ್ಲೇ ನಿಲ್ಲಿಸಿ, ಕೊಟ್ಟಿಗೆಯೊಳಗೆ ಹೊಗೆ ಕುಡಿಯುತ್ತಾ ಕೂರಬೇಡಿ.

ಇಂಜಿನ್ ಆಫ್ ಮಾಡಿ ಏರ್ ಸ್ಕ್ರೂ ಈಗ ಎಷ್ಟು ಸುತ್ತು ತೆರೆದಿದೆ ಎಂದು ಎಣಿಸಿ: ಮೆಲ್ಲಗೆ ಒಳಗೆ ತಿರುಗಿಸುತ್ತಾ ಹೋಗಿ, ತಾಗಿತು ಅನ್ನಿಸಿದಲ್ಲಿ ನಿಲ್ಲಿಸಿ. ಬಿಗಿದರೆ ಅದರ ಮೊನೆ ಹಾಳಾಗುತ್ತದೆ. ಆ ಲೆಕ್ಕ ಬರೆದಿಡಿ. ನಾನು ಮಾಡದೇ ಇದ್ದ ಕೆಲಸ ಇದು. ಆಮೇಲೆ ಒಂದೂವರೆ ಸುತ್ತು ಹೊರಗೆ. ಅಲ್ಲಿಂದ ಶುರು.

ಸ್ಟಾರ್ಟ್ ಮಾಡಿ, ಐಡಲ್ ಸ್ಕ್ರೂನಿಂದ ಶಬ್ದವನ್ನು ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಏರ್ ಸ್ಕ್ರೂವನ್ನು ಕಾಲು ಸುತ್ತು ಹೊರಗೆ ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಈ ಕಾಯುವುದೇ ಕಷ್ಟ. ಇಂಜಿನ್ ಉತ್ತರ ಕೊಡಲು ಹೊತ್ತು ತೆಗೆದುಕೊಳ್ಳುತ್ತದೆ, ನಮ್ಮ ಕೈ ಅಷ್ಟರಲ್ಲಿ ಇನ್ನೊಂದು ಸುತ್ತು ತಿರುಗಿಸಿರುತ್ತದೆ. ಶಬ್ದ ಏರಿತಾ, ಇನ್ನು ಕಾಲು ಸುತ್ತು. ಇಳಿದು ತಡವರಿಸಿತಾ, ವಾಪಸ್ ಬನ್ನಿ. ಆ ಕಡೆ ಈ ಕಡೆ ಎರಡೂ ನೋಡಿ, ಎಲ್ಲಿ ಶಬ್ದ ಅತಿ ಹೆಚ್ಚು ಮತ್ತು ಅತಿ ಸಮವಾಗಿದೆಯೋ ಅಲ್ಲಿ ಬಿಡಿ. ಈಗ ಐಡಲ್ ಸ್ಕ್ರೂನಿಂದ ಶಬ್ದ ಇಳಿಸಿ. ಮತ್ತೊಮ್ಮೆ ಏರ್ ಸ್ಕ್ರೂ ಅರೆಕಾಲು ಸುತ್ತು ಆಡಿಸಿ ನೋಡಿ.

ಅರ್ಧ ಸುತ್ತಿಗಿಂತ ಒಳಗೆ ಹೋದರೇನೇ ಚೆನ್ನಾಗಿ ಓಡುತ್ತಿದೆ ಅಂದರೆ ಸ್ಲೋ ಜೆಟ್ ಇನ್ನೂ ಕಟ್ಟಿದೆ, ಅಥವಾ ಯಾರೋ ಸಣ್ಣದು ಹಾಕಿದ್ದಾರೆ, ಅಥವಾ ಗಾಳಿ ಇನ್ನೂ ಹೊಡೆಯುತ್ತಿದೆ. ಎರಡೂವರೆ ಮೂರು ಸುತ್ತು ದಾಟಿದರೂ ಸಾಲದು ಅಂದರೆ ಜೆಟ್ ದೊಡ್ಡದಾಗಿದೆ, ಇಲ್ಲವೇ ಚೋಕ್ ಸೋರುತ್ತಿದೆ, ಇಲ್ಲವೇ ಫ್ಲೋಟ್ ಮೇಲಿದೆ. ಸ್ಕ್ರೂ ಆಗ ರೋಗ ಎಲ್ಲಿದೆ ಅಂತ ಬೆರಳು ತೋರಿಸುತ್ತಿರುತ್ತದೆ.

ಆಮೇಲೆ ಆಕ್ಸಿಲೇಟರ್ ಒಮ್ಮೆ ಚಕ್ಕನೆ ತಿರುಗಿಸಿ ಬಿಡಿ. ಕೆಮ್ಮಿದರೆ ಅಥವಾ ಮೇಲೇ ನಿಂತರೆ ಲೀನ್, ಅರೆಕಾಲು ಸುತ್ತು ಒಳಗೆ. ಐಡಲ್‌ಗಿಂತ ಕೆಳಗೆ ಮುಳುಗಿ, ಗುಟುಕು ನೀರು ಕುಡಿದು ಎದ್ದ ಹಾಗೆ ಮೇಲೆ ಬಂದರೆ ರಿಚ್, ಅರೆಕಾಲು ಸುತ್ತು ಹೊರಗೆ.

ನನಗೆ ಇನ್ನೊಂದು ಪರೀಕ್ಷೆ ಊರಿನ ಹತ್ತಿರವೇ ಇದೆ. ಆಗುಂಬೆ ಘಾಟಿ. ಹದಿನಾಲ್ಕು ತಿರುವು ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಬಿಟ್ಟಿರುತ್ತೇವೆ, ಅಂದರೆ ಅಷ್ಟು ಹೊತ್ತೂ ಇಂಜಿನ್ ಸ್ಲೋ ಜೆಟ್ಟಿನ ಮೇಲೇ ಬದುಕುತ್ತದೆ. ಸೈಲೆನ್ಸರಿನಲ್ಲಿ ಪಟ ಪಟ ಪಟಾಕಿ ಸದ್ದು ಬಿಡದೆ ಬಂದರೆ ಲೀನ್ ಇದೆ. ಬೆಂಡ್ ಪೈಪ್ ಹೆಡ್ಡಿಗೆ ಸೇರುವಲ್ಲಿ ಲೀಕ್ ಇದ್ದರೂ ಹೀಗೇ ಸದ್ದು ಬರುತ್ತದೆ, ಅದನ್ನು ಮೊದಲು ನೋಡಿ. ಒಂದೆರಡು ಸಲ ಗೊಣಗಿದರೆ ಚಿಂತೆ ಇಲ್ಲ.

ಎತ್ತರದ ಬಗ್ಗೆ ಜನ ಕೇಳುತ್ತಾರೆ. ತೀರ್ಥಹಳ್ಳಿಯಲ್ಲಿ ಕೂರಿಸಿದ ಐಡಲ್ ಉಡುಪಿಯಲ್ಲಿ ಬದಲಿಸುವ ಅಗತ್ಯ ನನಗೆ ಬಂದಿಲ್ಲ. ಆದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಗಾಡಿ ರಿಚ್ ಆಗಿ ಮಂಕಾಗುವುದು ಗೊತ್ತಾಗುತ್ತದೆ. ಅಷ್ಟು ಮೇಲೆ ಗಾಳಿ ಐದರಲ್ಲಿ ಒಂದು ಪಾಲು ತೆಳು. ಇಳಿದ ಮೇಲೆ ತಾನೇ ಸರಿಯಾಗುತ್ತದೆ, ಅಲ್ಲಿ ನಿಂತು ತಿರುಗಿಸಬೇಡಿ.

ಅದಕ್ಕಿಂತ ಲೆಕ್ಕಕ್ಕೆ ಬರುವುದು ಈಗಿನ ಪೆಟ್ರೋಲ್. ಬಂಕಿನಲ್ಲಿ ಸಿಗುವುದರಲ್ಲಿ 20% ವರೆಗೂ ಎಥನಾಲ್ ಇರುತ್ತದೆ. ಬರೀ ಪೆಟ್ರೋಲ್ ಒಂದು ಕೆ.ಜಿ. ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಎರಡೂ ಬೆರೆತಾಗ ಲೆಕ್ಕ 13.5ರ ಹತ್ತಿರ ಬರುತ್ತದೆ. ಅಂದರೆ 1994ರ ಅಳತೆಗೆ ಕೂರಿಸಿದ ಜೆಟ್ಟುಗಳಲ್ಲಿ ಗಾಡಿ ಇಂದು ಸ್ವಲ್ಪ ಲೀನ್ ಓಡುತ್ತದೆ. ಹಳೇ ಪುಸ್ತಕದ ಸುತ್ತಿಗಿಂತ ಕೊಂಚ ಒಳಗೆ ಸ್ಕ್ರೂ ನಿಂತರೆ ಗಾಬರಿ ಬೇಡ. ಎಮಿಷನ್ ಟೆಸ್ಟಿಗೆ ಹೋದಾಗ ಸರ್ಟಿಫಿಕೇಟ್ ಮಡಚಿ ಜೇಬಿಗೆ ಹಾಕಬೇಡಿ. ಅದರಲ್ಲಿ ಐಡಲ್‌ನಲ್ಲಿ ಬರುವ ಹೊಗೆಯಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಎಷ್ಟು ಅಂತ ಬರೆದಿರುತ್ತದೆ. 2000ಕ್ಕೆ ಮೊದಲಿನ ಬೈಕಿಗೆ ಮಿತಿ 4.5%. ಅದರ ಹತ್ತಿರ ಹೋಗಿದ್ದರೆ ನೀವು ರಿಚ್ ಇದ್ದೀರಿ.

ಇನ್ನು ಐಡಲ್ ಎಷ್ಟಿರಬೇಕು? ಇಲ್ಲಿ ನನಗೂ ಪಕ್ಕದ ಮನೆ ಹುಡುಗನಿಗೂ ಜಗಳ. "ಡುಗ್... ಡುಗ್... ಅಂತ ಒಂದೊಂದೇ ಬರ್ಬೇಕು ಅಣ್ಣಾ, ಎಣಿಸೋ ಹಾಗೆ" ಅನ್ನುತ್ತಾನೆ. ಎಣಿಸಲು ಆಗುವಷ್ಟು ನಿಧಾನ ಇದ್ದರೆ ಅದು ಜಾಸ್ತಿ ನಿಧಾನ. ಈ ಹಳೇ ಇಂಜಿನ್ನಿನ ಆಯಿಲ್ ಪಂಪು ಮೊದಲೇ ಸೋಮಾರಿ. ಐಡಲ್ ಬಿದ್ದರೆ ಮೇಲೆ ವಾಲ್ವ್ ಒತ್ತುವ ರಾಕರ್‌ಗೆ ಆಯಿಲ್ ತಲುಪುವುದು ಕಮ್ಮಿಯಾಗುತ್ತದೆ. ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ. ಹೆಡ್‌ಲೈಟ್ ಮೇಲಿನ ಪುಟ್ಟ ಆಂಪಿಯರ್ ಮೀಟರ್ ನೋಡಿ: ಲೈಟ್ ಎಲ್ಲ ಆಫ್ ಇದ್ದಾಗಲೂ ಮುಳ್ಳು ಮೈನಸ್ ಕಡೆಗೇ ವಾಲಿದ್ದರೆ ಐಡಲ್ ಏರಿಸಬೇಕು.

ಆರ್‌ಪಿಎಂ ಮೀಟರ್ ಇಲ್ಲದ ಗಾಡಿಗೆ ನನ್ನ ಉಪಾಯ ಮೊಬೈಲು. ಹತ್ತು ಸೆಕೆಂಡ್ ಶಬ್ದ ರೆಕಾರ್ಡ್ ಮಾಡಿ. ಪರದೆಯ ಮೇಲೆ ಒಂದೊಂದು ಬಡಿತವೂ ಒಂದೊಂದು ಮುಳ್ಳಿನ ಹಾಗೆ ಕಾಣುತ್ತದೆ. ಎಣಿಸಿ ಹನ್ನೆರಡರಿಂದ ಗುಣಿಸಿ. ಫೋರ್ ಸ್ಟ್ರೋಕ್ ಅಲ್ವಾ, ಎರಡು ಸುತ್ತಿಗೆ ಒಂದೇ ಬಡಿತ. ನನ್ನದು 80 ಬಂತು, ಅಂದರೆ 960. ನಾನು 900ರಿಂದ 1,000ದ ನಡುವೆ ಇಡುತ್ತೇನೆ. ಹುಡುಗ ತನ್ನ ಬುಲೆಟ್ಟಿನದು ಎಣಿಸಿದ. 48. ಗುಣಿಸಿ ನೋಡಿ ಸುಮ್ಮನಾದ. ಮಾರನೆಯ ದಿನ ಸ್ಕ್ರೂಡ್ರೈವರ್ ಕೇಳಲು ಬಂದ.

ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಈಗ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿದ್ದೇನೆ: ಏರ್ ಸ್ಕ್ರೂ ಒಂದೂಕಾಲು ಸುತ್ತು, 80 ಬಡಿತ. ಕೆಳಗೆ ಇನ್ನೊಂದು ಸಾಲು, ನಟ್ಟು ಎರಡೇ ಬೆರಳು.